ಸವೆಯಲೆಂದೇ ಹಚ್ಚಿದ ಪದರ

ಹಳೆಯ ವಾಲ್ವ್ ರೇಡಿಯೋ ರಿಪೇರಿಗೆ ಕುಳಿತವರು ಸೋರುವ ಕಂಡೆನ್ಸರನ್ನು ಕಿತ್ತು ಹೊಸದನ್ನು ಬೆಸೆಯುವಾಗ ಧರ್ಮಸಂಕಟಕ್ಕೆ ಸಿಲುಕುವುದಿಲ್ಲ. ಒಳಗಿನ ಭಾಗ ಕೆಟ್ಟಿದೆ, ಬದಲಿಸಿದರೆ ದನಿ ಬರುತ್ತದೆ, ಅಷ್ಟೇ. ಅದೇ ಕೈ ಪೆಟ್ಟಿಗೆಯ ಮೇಲಿನ ಪಾಲಿಶ್ ಕಡೆಗೆ, ಚಾಸಿ ಎಂಬ ಒಳಗಿನ ಲೋಹದ ಚೌಕಟ್ಟಿನ ಮೇಲಿನ ಲೇಪದ ಕಡೆಗೆ ಹೊರಳಿದಾಗ ಮಾತ್ರ ತಡೆಯುತ್ತದೆ. ಕೆರೆದು ಹೊಸದಾಗಿ ಹಚ್ಚಿದರೆ ಅದು ಇನ್ನೂ ಅದೇ ರೇಡಿಯೋ ಆಗಿ ಉಳಿಯುತ್ತದೆಯೇ? ಹಚ್ಚದೆ ಬಿಟ್ಟರೆ ಕಟ್ಟಿಗೆ ಬಿರಿಯುತ್ತದೆ, ಕಬ್ಬಿಣ ಜಂಗು ಹಿಡಿಯುತ್ತದೆ. ಹಚ್ಚಿದರೆ ಎಪ್ಪತ್ತು ವರ್ಷ ಆ ಮೈಮೇಲೆ ಕೂತ ಸಾಕ್ಷ್ಯ ಅಳಿಯುತ್ತದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಸೀಮೆಗೆ ಇದು ದೂರದ ಪ್ರಶ್ನೆಯಲ್ಲ. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಶುರುವಾದ ಮೇಲೆ ಕನ್ನಡದ ದನಿ ಈ ಭಾಗದ ಮನೆಗಳಿಗೆ ಹತ್ತಿರವಾಯಿತು. ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಹಣ ಕಟ್ಟಿ ಮರ್ಫಿ, ಫಿಲಿಪ್ಸ್, ಬುಶ್ ಪೆಟ್ಟಿಗೆಗಳನ್ನು ಜನ ತಂದಿಟ್ಟುಕೊಂಡರು. ಈ ಸೀಮೆಯ ತುಬಚಿಯಂಥ ಊರಿನಲ್ಲಿ ಅಂಥ ಒಂದು ಪೆಟ್ಟಿಗೆ ಅಟ್ಟದಿಂದ ಇಳಿದಾಗಲೆಲ್ಲ ಈ ಪ್ರಶ್ನೆಯೂ ಅದರ ಜತೆಗೆ ಇಳಿಯುತ್ತದೆ. ನನ್ನ ಉತ್ತರ ಇದು: ರಕ್ಷಣೆಗೆಂದು ಹಚ್ಚಿದ ಪದರ ತಾನು ಸವೆದು ಒಳಗಿನದನ್ನು ಉಳಿಸಲಿಕ್ಕೆ ಹುಟ್ಟಿದ್ದು. ಅದರ ಮೂಲಸ್ವರೂಪ ಇರುವುದು ಅದರ ಕೆಲಸದಲ್ಲಿ. ಆ ಕೆಲಸವನ್ನು ಮುಂದುವರಿಸುವವನು ಮೂಲಕ್ಕೆ ನಿಷ್ಠನಾಗಿಯೇ ಇರುತ್ತಾನೆ; ಆದರೆ ಹಿಂದಿನವರ ಸಾಕ್ಷಿಯನ್ನು ಅವನು ಅಳಿಸಬಾರದು, ಮುಂದಿನವರ ಕೈಯನ್ನು ಕಟ್ಟಬಾರದು.

ಮೊದಲು ವಸ್ತುವಿನ ಸಂಗತಿ ನೋಡಬೇಕು. ತತ್ತ್ವದ ಮಾತು ವಸ್ತುವಿನಿಂದ ಹೊರಟರೆ ದಾರಿ ತಪ್ಪುವುದು ಕಡಿಮೆ. ನಮ್ಮ ಬಡಿಗೇರರು ಸ್ಪಿರಿಟ್ ಪಾಲಿಶ್, ಫ್ರೆಂಚ್ ಪಾಲಿಶ್ ಎಂದು ಕರೆಯುವುದು ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿ ಮಾಡಿದ್ದು. ಮುತ್ತುಗ, ಬೋರೆಯಂಥ ಗಿಡಗಳ ಟೊಂಗೆಯ ಮೇಲೆ ಕೂತ ಸಣ್ಣದೊಂದು ಕೀಟ ತನ್ನನ್ನೂ ತನ್ನ ಸಂತಾನವನ್ನೂ ಕಾಯ್ದುಕೊಳ್ಳಲು ಸ್ರವಿಸಿ ಮೈಮೇಲೆ ಹೊದ್ದುಕೊಳ್ಳುವ ಗಟ್ಟಿ ಪದರವೇ ಅರಗು. ಕೀಟ ತನ್ನ ರಕ್ಷಣೆಗೆ ಹೊದ್ದದ್ದನ್ನು ಮನುಷ್ಯ ತೆಗೆದು ತನ್ನ ಕಟ್ಟಿಗೆಗೆ ಹೊದಿಸಿದ. ಗ್ರಾಮೊಫೋನಿನ 78 ಸುತ್ತಿನ ಪ್ಲೇಟುಗಳೂ ಅರಗು ಕಲಸಿ ಮಾಡಿದವೇ. ಹಾಡನ್ನು ಹೊತ್ತದ್ದೂ ಹಾಡುವ ಪೆಟ್ಟಿಗೆಯನ್ನು ಕಾಯ್ದದ್ದೂ ಒಂದೇ ಹುಳುವಿನ ದುಡಿಮೆ. ಕಾರ್ಖಾನೆಯಿಂದ ಬಂದ ಎಷ್ಟೋ ಪೆಟ್ಟಿಗೆಗಳ ಮೇಲೆ ಅರಗಿನ ಬದಲು ನೈಟ್ರೋಸೆಲ್ಯುಲೋಸ್ ಲ್ಯಾಕರ್ ಸಿಂಪಡಿಸಿರುತ್ತಿದ್ದರು. ಎರಡಕ್ಕೂ ಒಂದು ಗುಣ ಸಮಾನ: ಒಣಗಿ ವರ್ಷಗಳಾದ ಮೇಲೂ ತಮ್ಮ ದ್ರಾವಕ ತಾಗಿದರೆ ಮತ್ತೆ ಕರಗುತ್ತವೆ. ಮಲಮಲ್ ಬಟ್ಟೆಯಲ್ಲಿ ಹತ್ತಿ ಉಂಡೆ ಕಟ್ಟಿ ಹೊಸ ಅರಗನ್ನು ಉಜ್ಜಿದಾಗ ಹಳೆಯ ಅರಗಿನ ಮೇಲ್ಮೈ ತುಸು ಕರಗಿ ಹೊಸದರೊಳಗೆ ಸೇರಿಕೊಳ್ಳುತ್ತದೆ. ಒಣಗಿದ ಮೇಲೆ ಹಳೆಯದು ಎಲ್ಲಿ ಮುಗಿಯಿತು, ಹೊಸದು ಎಲ್ಲಿ ಮೊದಲಾಯಿತು ಎಂದು ಗೆರೆ ಎಳೆಯಲಾಗದು. ಈಗ ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ಪಿ.ಯು. (ಪಾಲಿಯುರಿಥೇನ್) ಪಾಲಿಶ್ ಹಾಗಲ್ಲ. ಅದು ಒಣಗುವಾಗ ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು, ಯಾವ ಸಾಮಾನ್ಯ ದ್ರಾವಕಕ್ಕೂ ಜಗ್ಗದ ಹಾಳೆಯಾಗುತ್ತದೆ. ಕೆಳಗಿನದರ ಜತೆ ಬೆರೆಯುವುದಿಲ್ಲ. ಮುಂದೆಂದೋ ಅದನ್ನು ತೆಗೆಯಬೇಕೆಂದರೆ ಉಜ್ಜಿಯೇ ತೆಗೆಯಬೇಕು, ಉಜ್ಜಿದರೆ ಕೆಳಗಿನ ತೆಳು ಕಟ್ಟಿಗೆ ಹಾಳೆಯಾದ ವೆನೀರ್ ಕೂಡ ಹೋಗುತ್ತದೆ. ಅರಗು ನೀರಿಗೆ ಬೆಳ್ಳಗಾಗುತ್ತದೆ, ಬಿಸಿ ಲೋಟಕ್ಕೆ ಕಲೆಯಾಗುತ್ತದೆ, ಪಿ.ಯು. ಎರಡನ್ನೂ ತಡೆದುಕೊಳ್ಳುತ್ತದೆ. ಆದರೂ ಅರಗಿನ ಈ ದೌರ್ಬಲ್ಯದಲ್ಲೇ ಅದರ ಸದ್ಗುಣ ಇದೆ ಎಂಬುದು ನನ್ನ ನಂಬಿಕೆ. ಬಿಟ್ಟುಕೊಡಬಲ್ಲದ್ದು ಮಾತ್ರ ಇನ್ನೊಮ್ಮೆ ಸೇರಬಲ್ಲದು.

ಸೇನೆಯ ರೇಡಿಯೋಗಳ ಲೇಪದ ಕಥೆ ಬೇರೆ, ಈ ಚರ್ಚೆಗೆ ಅದು ಇನ್ನೂ ಹೆಚ್ಚು ಬೆಳಕು ಕೊಡುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಬರ್ಮಾ, ನ್ಯೂಗಿನಿಯಂಥ ಕಾಡುಗಳಿಗೆ ಹೋದ ಯಂತ್ರಗಳನ್ನು ತೇವ ಮತ್ತು ಬೂಷ್ಟು ಕಾಡಿದವು. ತಂತಿಗೆ ಸುತ್ತಿದ ಹತ್ತಿ, ಕಂಡೆನ್ಸರಿನ ಕಾಗದ, ಮೇಣ ಎಲ್ಲವೂ ಬೂಷ್ಟಿಗೆ ಆಹಾರ. ಬೂಷ್ಟು ತೇವ ಹಿಡಿದಿಟ್ಟಿತೆಂದರೆ ವಿದ್ಯುತ್ತು ಹರಿಯಬಾರದ ಕಡೆ ಹರಿದು ಯಂತ್ರ ಮೂಕವಾಗುತ್ತಿತ್ತು. ಅದಕ್ಕೆಂದು ಅಮೆರಿಕದ ಸೇನೆ ಫೀನಾಲಿಕ್ ರಾಳ ಮತ್ತು ಟಂಗ್ ಎಣ್ಣೆಯ ವಾರ್ನಿಶಿಗೆ ಬೂಷ್ಟುನಾಶಕ ಬೆರೆಸಿ ಇಡೀ ಚಾಸಿಯ ಮೇಲೆ ಸಿಂಪಡಿಸುವ ಪದ್ಧತಿ ತಂದಿತು. ಟ್ಯೂನಿಂಗ್ ಕಂಡೆನ್ಸರಿನ ಫಲಕಗಳು, ಸ್ವಿಚ್ಚಿನ ಸ್ಪರ್ಶಬಿಂದುಗಳು, ವಾಲ್ವ್ ಕೂಡುವ ಸಾಕೆಟ್ಟುಗಳು ಇವನ್ನೆಲ್ಲ ಮೊದಲೇ ಮುಚ್ಚಿ, ಉಳಿದದ್ದಕ್ಕೆ ಲೇಪ ಹಾಕಿ, ಕೊನೆಗೆ ತೇವ-ಬೂಷ್ಟು ನಿರೋಧಕ ಎಂಬರ್ಥದ ಎಂ.ಎಫ್.ಪಿ. ಮುದ್ರೆ ಒತ್ತಿ ಪಕ್ಕದಲ್ಲಿ ದಿನಾಂಕ ಹಾಕುತ್ತಿದ್ದರು. ಯುದ್ಧ ಮುಗಿದ ಮೇಲೆ ಹೆಚ್ಚುವರಿ ಸಾಮಾನಾಗಿ ಬಿಕರಿಯಾದ ಇಂಥ ಯಂತ್ರಗಳು ನಮ್ಮ ದೇಶದ ಹವ್ಯಾಸಿ ರೇಡಿಯೋದವರ ಕೈಗೂ ಬಂದವು. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ನಮ್ಮ ಸೇನೆಗೆ ರೇಡಿಯೋ ತಯಾರಿಸತೊಡಗಿತು; ಮರುಭೂಮಿಯಿಂದ ಈಶಾನ್ಯದ ಕಾಡಿನವರೆಗೆ ಕೆಲಸ ಮಾಡಬೇಕಾದ ಯಂತ್ರಕ್ಕೆ ಲೇಪ ಅಲಂಕಾರದ ಮಾತಾಗಿರಲಿಲ್ಲ. ಹೊರಮೈಗೆ ಬಳಿದ, ಮುಟ್ಟಿದರೆ ಸುಕ್ಕುಸುಕ್ಕಾದ ಕಪ್ಪು ಬಣ್ಣವೂ ಹಾಗೆಯೇ. ಬಾಂಬರ್ ವಿಮಾನಗಳಲ್ಲಿದ್ದ ಬಿಸಿ-348 ರಿಸೀವರಿನ ಮುಖದ ಮೇಲೆ ಅದೇ ಇದೆ. ಟಂಗ್ ಎಣ್ಣೆಯ ಬಣ್ಣದಲ್ಲಿ ಮೇಲ್ಮೈ ಒಳಗಿನದಕ್ಕಿಂತ ಬೇಗ ಒಣಗಿ ಹಿಗ್ಗುವುದರಿಂದ ಸುಕ್ಕು ಬೀಳುತ್ತದೆ. ಆ ಸುಕ್ಕು ಬೆಳಕನ್ನು ಹೊಳೆಯಗೊಡದು, ತಗಡಿನ ಸಣ್ಣ ದೋಷಗಳನ್ನೂ ಮುಚ್ಚುತ್ತದೆ.

ಇಲ್ಲಿಯೇ ನನ್ನ ವಾದದ ಮುಖ್ಯ ಸಾಕ್ಷ್ಯ ಇದೆ. ಆ ವಾರ್ನಿಶಿನ ಕೆಲವು ಬಗೆಗಳಲ್ಲಿ ಪಾದರಸದ ಸಂಯುಕ್ತ ಇತ್ತು, ಕೆಲವದರಲ್ಲಿ ಪೆಂಟಾಕ್ಲೋರೋಫೀನಾಲ್ ಇತ್ತು. ಚಾಸಿಯ ತಗಡಿಗೆ ಎಷ್ಟೋ ಸಲ ಕ್ಯಾಡ್ಮಿಯಂ ಲೇಪ ಕೊಟ್ಟಿರುತ್ತಿದ್ದರು. ಅದು ಹಳತಾಗಿ ಉದುರಿಸುವ ಪುಡಿ ಉಸಿರಿಗೆ ಹೋದರೆ ವಿಷ. 2013ರ ಮಿನಮಾಟಾ ಒಪ್ಪಂದ ಪಾದರಸದ ಬಳಕೆಗೆ ಕಡಿವಾಣ ಹಾಕಿತು. ಪೆಂಟಾಕ್ಲೋರೋಫೀನಾಲ್ 2015ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿರ್ಬಂಧಿತ ವಸ್ತುಗಳ ಪಟ್ಟಿಗೆ ಸೇರಿತು. ಮೂಲ ಎಂದರೆ ಮೂಲದ ದ್ರವ್ಯ ಎಂದು ಹಟ ಹಿಡಿದವನು ಈಗ ಏನು ಮಾಡಬೇಕು? ಮಕ್ಕಳು ಓಡಾಡುವ ಮನೆಯಲ್ಲಿ ಪಾದರಸದ ವಾರ್ನಿಶ್ ಸಿಂಪಡಿಸಬೇಕೆ? ಹಾಗೆ ಮಾಡಿದವನು ಚೀಟಿಯಲ್ಲಿ ಬರೆದ ಪಾಕಕ್ಕೆ ನಿಷ್ಠನಾದಾನು, ಪಾಕ ಬರೆದವನ ಮನಸ್ಸಿಗೆ ದ್ರೋಹ ಬಗೆದಾನು. ಲೇಪ ಕಂಡುಹಿಡಿದವರಿಗೆ ಬೇಕಾಗಿದ್ದುದು ಬೂಷ್ಟು ಸಾಯುವುದು, ಯಂತ್ರ ಮಾತಾಡುವುದು, ಅದರ ಮುಂದೆ ಕೂತ ಸೈನಿಕ ಬದುಕುವುದು. ವಿಷವಿಲ್ಲದ ವಾರ್ನಿಶಿನಿಂದ ಆ ಮೂರೂ ಸಾಧ್ಯವಾದರೆ ಅದೇ ಮೂಲಕ್ಕೆ ಹತ್ತಿರ. ಯಾರಿಗೂ ಕೇಡಾಗಬಾರದೆಂಬ ಅಹಿಂಸೆಯ ಒತ್ತಾಯ ಇಲ್ಲಿ ಇತಿಹಾಸನಿಷ್ಠೆಗೆ ಎದುರಾಗಿ ನಿಲ್ಲುವುದಿಲ್ಲ. ಯಾವುದಕ್ಕೆ ನಿಷ್ಠರಾಗಿರಬೇಕು ಎಂಬುದನ್ನು ಅದು ಸ್ಪಷ್ಟಪಡಿಸುತ್ತದೆ. ಹಾಗಾದರೆ ಉದ್ದೇಶ ಒಂದಿದ್ದರೆ ಸಾಕೇ, ಯಾವ ಪ್ಲಾಸ್ಟಿಕ್ ಸುರಿದರೂ ನಡೆದೀತೇ ಎಂದು ಕೇಳಬಹುದು. ನಡೆಯದು. ಆ ವಾರ್ನಿಶನ್ನು ಬೆಸುಗೆಯ ಕಾವಿನಿಂದ, ದ್ರಾವಕದಿಂದ ಬಿಡಿಸಿ, ಕೆಟ್ಟ ಭಾಗ ಬದಲಿಸಿ, ಬ್ರಶ್ಶಿನಿಂದ ಮತ್ತೆ ಹಚ್ಚಬಹುದಾಗಿತ್ತು. ರಿಪೇರಿಗೆ ಒಳಗೆ ಬಿಟ್ಟುಕೊಳ್ಳುವುದೂ ಅದರ ಉದ್ದೇಶದ ಭಾಗವೇ ಆಗಿತ್ತು. ಉದ್ದೇಶವನ್ನು ಅರ್ಧಕ್ಕೆ ಕತ್ತರಿಸಿ ಓದುವಂತಿಲ್ಲ.

ಬದಲಾದ ಮೇಲೂ ವಸ್ತು ಅದೇ ಹೇಗೆ ಎಂಬುದಕ್ಕೆ ಈ ನೆಲದ ಎರಡು ಪರಂಪರೆಗಳು ಎರಡು ಉತ್ತರ ಕೊಟ್ಟಿವೆ. ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿದ ಗುರುದೇವ ರಾನಡೆಯವರು 1926ರಲ್ಲಿ ಉಪನಿಷತ್ತುಗಳ ತತ್ತ್ವವನ್ನು ಕುರಿತ ತಮ್ಮ ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಮೊದಲ ಉತ್ತರ ಆ ಉಪನಿಷತ್ತುಗಳದೇ. ಅಲ್ಲಿ ಉದ್ದಾಲಕ ಋಷಿ ಮಗನಿಗೆ ಹೇಳುವುದು ಮಣ್ಣಿನ ಮಾತು: ಗಡಿಗೆ, ಮಡಕೆ ಎಂಬ ರೂಪಗಳು ಬರಿಯ ಹೆಸರು, ಅವುಗಳಲ್ಲಿ ನಿಜವಾದದ್ದು ಮಣ್ಣು. ಈ ದಾರಿಯಲ್ಲಿ ಹೋದರೆ ಪಾಲಿಶ್ ನಾಮರೂಪದ ಮೇಲಿನ ಇನ್ನೊಂದು ನಾಮರೂಪ, ಅದಕ್ಕಾಗಿ ಕೊರಗಬೇಕಾಗಿಲ್ಲ. ಈ ಉತ್ತರ ದೊಡ್ಡದು, ಆದರೆ ನಮ್ಮ ಪ್ರಶ್ನೆಗೆ ತೀರ ದೊಡ್ಡದು. ಕಟ್ಟಿಗೆಯೂ ನಾಮರೂಪವೇ, ಕೇಳಿಬರುವ ದನಿಯೂ ನಾಮರೂಪವೇ ಆದಾಗ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂದು ಅದು ಹೇಳಿಕೊಡದು. ಜೈನರ ಉತ್ತರ ನನಗೆ ಇಲ್ಲಿ ಹೆಚ್ಚು ಉಪಯುಕ್ತವೆನಿಸುತ್ತದೆ. ಜಮಖಂಡಿಯ ಪಕ್ಕದ ಮುಧೋಳದಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿ, 993ರಲ್ಲಿ ಅಜಿತಪುರಾಣ ಬರೆದ ರನ್ನ ಬೆಳೆದದ್ದು ಆ ದರ್ಶನದಲ್ಲಿ. ಇರುವ ಪ್ರತಿಯೊಂದರಲ್ಲೂ ಹುಟ್ಟು, ಅಳಿವು, ನಿಲುಗಡೆ ಮೂರೂ ಒಂದೇ ಗಳಿಗೆಯಲ್ಲಿ ಇರುತ್ತವೆ ಎಂಬುದು ಆ ದರ್ಶನದ ತಿರುಳು. ಕನ್ನಡದ ಜೈನ ಕವಿಗಳು ಗೌರವದಿಂದ ನೆನೆಯುವ ಸಮಂತಭದ್ರರು ಆಪ್ತಮೀಮಾಂಸೆಯಲ್ಲಿ ಇದಕ್ಕೊಂದು ದೃಷ್ಟಾಂತ ಕೊಡುತ್ತಾರೆ: ಬಂಗಾರದ ಕೊಡ ಒಡೆದು ಕಿರೀಟ ಮಾಡಿದರೆ ಕೊಡ ಬೇಕಿದ್ದವನು ದುಃಖಪಡುತ್ತಾನೆ, ಕಿರೀಟ ಬೇಕಿದ್ದವನು ಹಿಗ್ಗುತ್ತಾನೆ, ಬಂಗಾರ ಬೇಕಿದ್ದವನು ಎರಡೂ ಇಲ್ಲದೆ ಸುಮ್ಮನಿರುತ್ತಾನೆ. ಮೂವರ ಭಾವಕ್ಕೂ ಆ ವಸ್ತುವಿನಲ್ಲೇ ಕಾರಣ ಇದೆ, ಯಾರದ್ದೂ ಭ್ರಮೆಯಲ್ಲ. ಹಳೆಯ ಮರ್ಫಿಯ ಪಾಲಿಶ್ ಕೆರೆದಾಗ ಸಂಗ್ರಾಹಕನಿಗಾಗುವ ನೋವು, ಮನೆಯವರಿಗಾಗುವ ಸಂತೋಷ, ಹಾಡು ಕೇಳಲು ಬಂದವನ ನಿರ್ಲಿಪ್ತಿ ಮೂರೂ ಸತ್ಯವೇ. ಹಾಗಿದ್ದ ಮೇಲೆ ಒಬ್ಬನನ್ನು ಗೆಲ್ಲಿಸಿ ಇಬ್ಬರನ್ನು ಸೋಲಿಸುವ ಕ್ರಮ ಧರ್ಮವಾಗಲಾರದು. ಹಳೆಯದನ್ನು ಕೆರೆಯದೆ ಅದರೊಳಗೇ ಹೊಸ ಅರಗನ್ನು ಬೆರೆಸುವ ಬಡಿಗೇರನ ವಿಧಾನದಲ್ಲಿ ಹುಟ್ಟು ಇದೆ, ಅಳಿವು ಇದೆ, ನಿಂತದ್ದೂ ಇದೆ. ಸಿದ್ಧಾಂತ ಹೇಳುವ ಮೂರನ್ನೂ ಒಂದೇ ಪದರದಲ್ಲಿ ಅದು ಹಿಡಿದಿಡುತ್ತದೆ.

ಬಡಿಗೇರರ ಮಾತು ಬಂದದ್ದರಿಂದ ದ್ಯಾಮವ್ವನನ್ನು ನೆನೆಯಬೇಕು. ಉತ್ತರ ಕರ್ನಾಟಕದ ಊರೂರಿನ ಈ ಗ್ರಾಮದೇವತೆಯ ಮೂರ್ತಿ ಕಟ್ಟಿಗೆಯದು. ಕೆಲವು ಕಡೆ ಐದು ವರ್ಷಕ್ಕೆ, ಕೆಲವು ಕಡೆ ಒಂಬತ್ತು, ಹನ್ನೆರಡು ವರ್ಷಕ್ಕೆ ಬರುವ ಜಾತ್ರೆಯ ಮುಂಚೆ ದೇವಿಯನ್ನು ಬಣ್ಣಕ್ಕೆ ಕೊಡುತ್ತಾರೆ. ಮಾಸಿದ ಬಣ್ಣದ ಮೇಲೆ ಹೊಸ ಬಣ್ಣ ಏರುತ್ತದೆ, ಕಡೆಗೆ ಕಣ್ಣು ಬರೆಯುತ್ತಾರೆ, ಆಮೇಲೆ ಉಡಿ ತುಂಬುವುದು ಶುರು. ಹೋದ ಜಾತ್ರೆಯ ದ್ಯಾಮವ್ವ ಹೋದಳು, ಈಕೆ ಬೇರೆ ಎಂದು ಯಾವ ಊರೂ ಹೇಳುವುದಿಲ್ಲ. ಬಣ್ಣ ಅವಳ ಕಟ್ಟಿಗೆಯನ್ನು ಗೆದ್ದಲು, ಬಿಸಿಲು, ಎಣ್ಣೆ, ಕುಂಕುಮಗಳಿಂದ ಕಾಯುತ್ತದೆ, ಕಾಯುತ್ತ ಮಾಸುತ್ತದೆ, ಮಾಸಿದ್ದನ್ನು ತುಂಬಿಕೊಡುವುದು ಊರಿನ ಹೊಣೆ. ಶಿಲಾಮೂರ್ತಿಯ ದೇಗುಲಗಳಲ್ಲಿ ಇದಕ್ಕೆ ಸಮನಾದದ್ದು ಅಷ್ಟಬಂಧ. ಮೂರ್ತಿಯನ್ನು ಪೀಠಕ್ಕೆ ಬಂಧಿಸುವ ಆ ಲೇಪ ಒಣಗಿ ಬಿರಿದರೆ ಅಭಿಷೇಕದ ನೀರು ಕೆಳಗೆ ಇಳಿಯುತ್ತದೆ. ಹನ್ನೆರಡು ವರ್ಷಕ್ಕೊಮ್ಮೆ ಅದನ್ನು ಹೊಸದಾಗಿ ತುಂಬುವ ಸಂಪ್ರದಾಯ ಉಂಟು. ಅದರ ಪಾಕ ಗ್ರಂಥದಿಂದ ಗ್ರಂಥಕ್ಕೆ ತುಸು ಬೇರೆಯಾದರೂ ಅರಗು, ಮೇಣ, ರಾಳ, ಕಾವಿ, ಬೆಣ್ಣೆ ಅದರಲ್ಲಿ ಬರುತ್ತವೆ. ರೇಡಿಯೋ ಪೆಟ್ಟಿಗೆಯ ಮೇಲಿದ್ದ ಅದೇ ಅರಗು ದೇವರ ಪಾದದ ಕೆಳಗೂ ಇದೆ. ಆಗಮದ ವಿಧಿ ಇನ್ನೂ ಒಂದು ಸೂಕ್ಷ್ಮ ಕಲಿಸುತ್ತದೆ: ಕೆಲಸ ಮುಗಿಯುವವರೆಗೆ ಸಾನ್ನಿಧ್ಯವನ್ನು ಕಲಶಕ್ಕೆ ಇಳಿಸಿ ಬಾಲಾಲಯವೆಂಬ ತಾತ್ಕಾಲಿಕ ಗುಡಿಯಲ್ಲಿ ಇಟ್ಟು ಪೂಜಿಸಬೇಕು. ಉಳಿಯಬೇಕಾದ್ದು ಯಾವುದು ಎಂಬುದನ್ನು ಗುರುತಿಸಿ, ಅದನ್ನು ಭದ್ರವಾಗಿ ಎತ್ತಿಟ್ಟ ಮೇಲೆಯೇ ಮೈಗೆ ಕೈ ಹಚ್ಚಬೇಕು ಎಂಬ ಅರ್ಥ ನನಗೆ ಅದರಲ್ಲಿ ಕಾಣುತ್ತದೆ. ಚಾಸಿಯ ಮೇಲಿನ ಮುದ್ರೆ, ಒಳಹಲಗೆಯ ಮೇಲೆ ಅಂಟಿಸಿದ ಸರ್ಕ್ಯೂಟ್ ನಕ್ಷೆ, ಯಾರೋ ಪೆನ್ಸಿಲಿನಲ್ಲಿ ಬರೆದ ಗುರುತು ಇವನ್ನೆಲ್ಲ ಫೋಟೋ ತೆಗೆದು, ಮುಚ್ಚಿ, ಕಾಯ್ದುಕೊಳ್ಳದೆ ವಾರ್ನಿಶ್ ಡಬ್ಬಿ ಬಿಚ್ಚಿದವನು ಆ ಕ್ರಮವನ್ನು ಮರೆತಂತೆ.

ದೇವರ ಮಾತನ್ನು ಯಂತ್ರಕ್ಕೆ ತಂದದ್ದು ತಪ್ಪು ಎನ್ನುವವರಿಗೆ ಉತ್ತರ ಉದ್ದ ಬೇಕಿಲ್ಲ. ಖಂಡೇ ಪೂಜೆಯ ದಿನ ಬನಹಟ್ಟಿಯ ನೇಕಾರ ಮಗ್ಗಕ್ಕೂ ಮುಧೋಳದ ರೈತ ನೇಗಿಲಿಗೂ ಟ್ರ್ಯಾಕ್ಟರಿಗೂ ಪೂಜೆ ಮಾಡುತ್ತಾನೆ. ಅವನು ಅದನ್ನು ದೇವರೆಂದು ತಪ್ಪು ತಿಳಿದಿಲ್ಲ, ತನ್ನ ಅನ್ನಕ್ಕೆ ಅದು ಮೈ ಸವೆಸಿದೆ ಎಂದು ಬಲ್ಲ. ರೇಡಿಯೋವನ್ನು ಪೂಜಿಸಬೇಕೆಂದು ನಾನು ಹೇಳುತ್ತಿಲ್ಲ. ಹೊದಿಕೆಯನ್ನು ಹೊಸದು ಮಾಡಿದರೂ ವಸ್ತು ಅದೇ ಎಂಬ ತಿಳಿವಳಿಕೆ ನಮ್ಮ ಜನಕ್ಕೆ ಪುಸ್ತಕದಿಂದ ಬಂದದ್ದಲ್ಲ, ಜಾತ್ರೆಯಿಂದ ಬಂದದ್ದು ಎಂದಷ್ಟೇ ಹೇಳುತ್ತಿದ್ದೇನೆ.

ಬಲವಾದ ಆಕ್ಷೇಪ ಬರುವುದು ಬೇರೆ ಕಡೆಯಿಂದ. 1849ರಲ್ಲಿ ಇಂಗ್ಲೆಂಡಿನ ಕಲಾ ವಿಮರ್ಶಕ ಜಾನ್ ರಸ್ಕಿನ್ ತಮ್ಮ ಪುಸ್ತಕವೊಂದರಲ್ಲಿ, ಹಳೆಯ ಕಟ್ಟಡವನ್ನು ಮೊದಲಿನಂತೆ ಮಾಡುತ್ತೇವೆ ಎನ್ನುವುದು ಅದನ್ನು ನಾಶಮಾಡುವುದಕ್ಕೆ ಸಮ ಎಂದು ವಾದಿಸಿದರು; ಸತ್ತ ಕೈಯ ಉಸಿರನ್ನು ಮತ್ತೆ ತರಲಾಗದು ಎಂಬುದು ಅವರ ನಿಲುವು. 1903ರಲ್ಲಿ ವಿಯೆನ್ನಾದ ಕಲಾ ಇತಿಹಾಸಕಾರ ಅಲೋಯಿಸ್ ರೀಗಲ್ ಮುದಿತನಕ್ಕೇ ಒಂದು ಮೌಲ್ಯವಿದೆ, ಕಾಲ ತಿಂದ ಗುರುತೇ ನೋಡುವವನನ್ನು ಮುಟ್ಟುತ್ತದೆ ಎಂದು ತೋರಿಸಿದರು. ರೇಡಿಯೋದ ಗುಂಡಿಯ ಸುತ್ತ ಪಾಲಿಶ್ ಸವೆದು ಬಿಳಿಚಿದ್ದರೆ ಅಲ್ಲಿ ಸಾವಿರ ಸಂಜೆಗಳಲ್ಲಿ ಬೆರಳು ತಿರುವಿದೆ. ಆ ಬಿಳಿಚನ್ನು ಮುಚ್ಚಿದರೆ ಆ ಮನೆಯ ಸಂಜೆಗಳನ್ನೇ ಒರೆಸಿದಂತೆ ಅಲ್ಲವೇ? ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾರೆ. ಆದರೆ ಸವಕಳಿ ಎರಡು ಬಗೆ. ಬಳಕೆಯಿಂದ ಬಂದದ್ದು ಒಂದು, ಅನಾದರದಿಂದ ಬಂದದ್ದು ಇನ್ನೊಂದು. ಗುಂಡಿಯ ಸುತ್ತಿನ ಬಿಳಿಚು ಬಾಳಿದ ಗುರುತು. ಹಿಂಬದಿಯ ಹಲಗೆಗೆ ಹತ್ತಿದ ಬೂಷ್ಟು, ಚಾಸಿಯನ್ನು ತಿನ್ನುತ್ತಿರುವ ಜಂಗು ಮರೆತ ಗುರುತು. ಮೊದಲನೆಯದರ ಮೇಲೆ ತೆಳ್ಳಗೆ ಅರಗು ಹಾಕಿದರೆ ಸವಕಳಿ ಕಾಣುತ್ತಲೇ ಇರುತ್ತದೆ, ಮುಂದೆ ಸವೆಯುವುದು ನಿಲ್ಲುತ್ತದೆ. ಎರಡನೆಯದನ್ನು ಸಾಕ್ಷ್ಯವೆಂದು ಬಿಟ್ಟರೆ ಅದು ಉಳಿದ ಸಾಕ್ಷ್ಯವನ್ನೆಲ್ಲ ತಿಂದು ಮುಗಿಸುತ್ತದೆ. ರಸ್ಕಿನ್ ಅವರನ್ನು ಪೂರ್ತಿ ಓದಿದವರಿಗೆ ಇದು ಅವರದೇ ಮಾತು ಎಂದು ಗೊತ್ತಾದೀತು. ಕಾಲಕಾಲಕ್ಕೆ ಜೋಪಾನ ಮಾಡಿದರೆ ಮರುನಿರ್ಮಾಣದ ಪ್ರಸಂಗವೇ ಬರದು ಎಂದು ಅವರು ಅದೇ ಪುಟಗಳಲ್ಲಿ ಬೇಡಿಕೊಂಡಿದ್ದಾರೆ. ರಕ್ಷಕ ಲೇಪ ಹಚ್ಚುವುದು ಜೋಪಾನದ ಕೆಲಸ. ಅದನ್ನು ಹೊಸ ಮುಖ ಕೊಡುವ ಕೆಲಸದ ಜತೆ ಕಟ್ಟಿ ನಿಂದಿಸುವುದು ನ್ಯಾಯವಲ್ಲ.

ಇನ್ನೂ ತೊಡಕಿನ ಸಂದರ್ಭ ಒಂದನ್ನು ಊಹಿಸೋಣ. ಹಳೆಯ ವಿಜಾಪುರ ಜಿಲ್ಲೆಯ ಹಳ್ಳಿಯೊಂದರ ಪಂಚಾಯಿತಿಯಲ್ಲಿ ಜನ ಕೂಡಿ ಕೇಳಲೆಂದು ಇಟ್ಟ ರೇಡಿಯೋ. ಪಾಲಿಶ್ ಹೋದಾಗ ಯಾರೋ ಚಾವಡಿಯ ಬಾಗಿಲಿಗೆ ತಂದ ಹಸಿರು ಎಣ್ಣೆಬಣ್ಣವನ್ನೇ ಅದಕ್ಕೂ ಬಳಿದಿದ್ದಾರೆ. ಈಗ ಮೂಲ ಯಾವುದು? ಕಾರ್ಖಾನೆಯ ಲ್ಯಾಕರೋ, ಊರಿನ ಹಸಿರೋ? ಸಂಗ್ರಹಾಲಯಗಳವರು ಸಾಮಾನ್ಯವಾಗಿ ಮೊದಲನೆಯದರತ್ತ ವಾಲುತ್ತಾರೆ, ಏಕೆಂದರೆ ಕ್ಯಾಟಲಾಗಿನಲ್ಲಿ ಅದರ ಚಿತ್ರ ಸಿಗುತ್ತದೆ. ನನ್ನ ತೀರ್ಪು ಹಸಿರಿನ ಪರ. ಎಣ್ಣೆಬಣ್ಣ ಬಳಿದವನ ಬಳಿ ಅರಗು ಇರಲಿಲ್ಲ, ಆದರೆ ಕಾಯಬೇಕೆಂಬ ಕಾಳಜಿ ಇತ್ತು; ಅವನೂ ಆ ಪದರದ ಕೆಲಸವನ್ನೇ ಮುಂದುವರಿಸಿದ. ಆ ಹಸಿರು ಕಟ್ಟಿಗೆಗೆ ಕೇಡು ಮಾಡುತ್ತಿಲ್ಲವಾದರೆ ಅದನ್ನು ಕೆರೆದು ಕಾರ್ಖಾನೆಯ ಹೊಳಪು ತರುವುದೆಂದರೆ ಊರಿನ ಪಾಲನ್ನು ಅಳಿಸಿ ಕಂಪನಿಯ ಪಾಲನ್ನಷ್ಟೇ ಉಳಿಸುವುದು. ಸ್ಮಾರಕಗಳ ಸಂರಕ್ಷಣೆ ಕುರಿತ 1964ರ ವೆನಿಸ್ ಸನ್ನದು, ಊಹೆ ಆರಂಭವಾದಲ್ಲಿ ಪುನಃಸ್ಥಾಪನೆ ನಿಲ್ಲಬೇಕು, ಎಲ್ಲ ಕಾಲದವರ ಕೊಡುಗೆಗೂ ಬೆಲೆ ಕೊಡಬೇಕು ಎಂಬ ನಿಯಮ ಇಟ್ಟಿತು. 1994ರ ನಾರಾ ದಸ್ತಾವೇಜು, ಅಸಲಿ ಯಾವುದೆಂಬುದನ್ನು ಆಯಾ ಸಂಸ್ಕೃತಿಯ ಒಳಗಿನಿಂದ ತೂಗಬೇಕು ಎಂದು ಒಪ್ಪಿತು. ಜಪಾನಿನ ಇಸೆ ದೇಗುಲವನ್ನು ಇಪ್ಪತ್ತು ವರ್ಷಕ್ಕೊಮ್ಮೆ ಹೊಸ ಕಟ್ಟಿಗೆಯಲ್ಲಿ ಕಟ್ಟುತ್ತಾರೆ, ಕಳೆದ ಸಲ 2013ರಲ್ಲಿ ಕಟ್ಟಿದರು. ಅದನ್ನು ನಕಲಿ ಎನ್ನಲು ಯಾರಿಂದ ಸಾಧ್ಯ?

ಶರಣರ ಕಡೆಯಿಂದ ಬರುವ ಆಕ್ಷೇಪ ಇನ್ನೂ ಆಳದ್ದು, ಈ ಸೀಮೆಯಲ್ಲಿ ಕೂತು ಅದನ್ನು ಕೇಳಿಸಿಕೊಳ್ಳದೆ ಮುಂದೆ ಹೋಗಲಾಗದು. ಕೂಡಲಸಂಗಮ ಇಲ್ಲಿಂದ ಬಹಳ ದೂರವಿಲ್ಲ. ಸ್ಥಾವರವನ್ನು ಹಿಡಿದು ಕೂತವರನ್ನು ಬಸವಣ್ಣನವರು ಎಚ್ಚರಿಸಿದ್ದು ಎಲ್ಲರಿಗೂ ಗೊತ್ತು: ನಿಲ್ಲಿಸಿದ್ದು ಬಿದ್ದೇ ಬೀಳುತ್ತದೆ, ಚಲಿಸುವ ಚೈತನ್ಯವೇ ಬಾಳುವುದು. ಹಾಗಿರುವಾಗ ಸತ್ತ ಯಂತ್ರದ ಹೊರಮೈಗೆ ಇಷ್ಟು ಮಮಕಾರ ಯಾಕೆ? ಆ ದುಡ್ಡು, ಆ ಶ್ರಮ ಹಸಿದವರಿಗೆ ಹೋಗಲಿ ಎಂದರೆ ನಾನು ಎದುರು ನಿಲ್ಲಲಾರೆ. ಕಾಜಿನ ಕಪಾಟಿನಲ್ಲಿಟ್ಟು ಬೆಲೆ ಏರಿಸಲೆಂದು ರೇಡಿಯೋಗೆ ಹೊಳಪು ಕೊಡುವವನಿಗೆ ಈ ಆಕ್ಷೇಪ ಪೂರ್ತಿ ತಗಲುತ್ತದೆ, ತಗಲಬೇಕಾದ್ದೇ. ಆದರೆ ಸ್ಥಾವರ ಜಂಗಮಗಳ ಭೇದ ವಸ್ತುವಿನಲ್ಲಿಲ್ಲ, ಬಳಕೆಯಲ್ಲಿದೆ. ರೇಡಿಯೋ ಎಂಬುದು ದನಿ ಹಾದುಹೋಗುವ ದಾರಿ. ಮೀಡಿಯಂ ವೇವಿನ 765 ಕಿಲೋಹರ್ಟ್ಸಿಗೆ ಮುಳ್ಳು ತಂದಾಗ ಧಾರವಾಡದ ಮಾತು, ಕೃಷಿ ಸಲಹೆ, ವಚನಗಾಯನ ಆ ಪೆಟ್ಟಿಗೆಯಲ್ಲಿ ಕೇಳಿದ್ದು ಅದರ ಕಾಯಿಲಿಗೆ ತೇವ ಸೇರಗೊಡದ ಲೇಪದಿಂದ, ಅದರ ಹಲಗೆ ಸೀಳಗೊಡದ ಪಾಲಿಶಿನಿಂದ. ದನಿಯ ದಾರಿ ತೆರೆದಿರಲಿ ಎಂದು ಹಚ್ಚುವ ಲೇಪ ಜಂಗಮಕ್ಕೆ ಸಲ್ಲುವ ಕಾಯಕ. ಆದ್ದರಿಂದ ನನ್ನ ಎಣಿಕೆಯಲ್ಲಿ ಹೊರಮೈಗಿಂತ ಮೊದಲು ಚಾಸಿ, ನೋಟಕ್ಕಿಂತ ಮೊದಲು ದನಿ. ಮೂಕವಾಗಿಯೇ ಇಡಲು ನಿರ್ಧರಿಸಿದ ರೇಡಿಯೋಗೆ ಧೂಳು ಒರೆಸಿ, ಬೂಷ್ಟು ತೆಗೆದು, ಒಣ ಜಾಗದಲ್ಲಿ ಇಟ್ಟರೆ ಸಾಕು.

ರಕ್ಷಣೆ ಎಂದರೆ ಯಾವುದರಿಂದ ಎಂಬುದನ್ನೂ ಕೇಳಿಕೊಳ್ಳಬೇಕು. ಇಲ್ಲಿ ಎಷ್ಟೋ ಜನ ತಪ್ಪುತ್ತಾರೆ. ಬರ್ಮಾದ ಕಾಡಿಗೆಂದು ಮಾಡಿದ ಲೇಪ ಬರ್ಮಾದ ಕೇಡಿಗೆ ಉತ್ತರ. ಜಮಖಂಡಿ ಸೀಮೆಯ ಕೇಡು ಬೇರೆ. ಇಲ್ಲಿ ಮಳೆ ಕಡಿಮೆ, ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ, ಎರೆಮಣ್ಣಿನ ನಯವಾದ ಧೂಳು ಎಲ್ಲ ಸಂದಿಗೂ ಇಳಿಯುತ್ತದೆ. ರಬಕವಿ-ಬನಹಟ್ಟಿಯಲ್ಲಿ ಅದಕ್ಕೆ ಮಗ್ಗದ ಹತ್ತಿಯ ಅರಳೂ ಸೇರುತ್ತದೆ. ಒಣಹವೆಗೆ ಕಟ್ಟಿಗೆ ಕುಗ್ಗಿ ವೆನೀರ್ ಏಳುತ್ತದೆ, ಲ್ಯಾಕರ್ ಸೂಕ್ಷ್ಮವಾಗಿ ಬಿರಿಯುತ್ತದೆ. ಕೃಷ್ಣೆಯ ದಂಡೆಯ ಊರುಗಳಿಗೆ ಇನ್ನೊಂದು ಕೇಡು: 2005ರಲ್ಲಿ, 2019ರಲ್ಲಿ ಬಂದಂಥ ಮಹಾಪೂರ. ನೆರೆಯ ನೀರು ಹೊಕ್ಕ ಪೆಟ್ಟಿಗೆಯ ಒಳಗೆ ಕೆಸರು ಕೂತಿರುತ್ತದೆ. ಅದನ್ನು ಪೂರ್ತಿ ತೆಗೆದು, ತಿಂಗಳುಗಟ್ಟಲೆ ನೆರಳಲ್ಲಿ ಒಣಗಿಸದೆ ವಾರ್ನಿಶ್ ಹೊಡೆದರೆ ತೇವ ಒಳಗೇ ಸೆರೆಯಾಗಿ, ಕಾಯಬೇಕಾದ ಪದರವೇ ಕೊಲ್ಲುವ ಪದರವಾಗುತ್ತದೆ. ಮೂಲ ಪಾಕವನ್ನು ಕಣ್ಣುಮುಚ್ಚಿ ಪಾಲಿಸುವುದಕ್ಕೂ ಮೂಲ ವಿವೇಕವನ್ನು ಪಾಲಿಸುವುದಕ್ಕೂ ಇರುವ ಅಂತರ ಇಲ್ಲಿ ಕಣ್ಣಿಗೇ ಕಾಣುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ತಪ್ಪನ್ನು ಮಾತ್ರ ನಾನು ಕ್ಷಮಿಸಲಾರೆ, ಅದು ಸುಳ್ಳು. ಹೊಸ ಪಾಲಿಶಿಗೆ ಚಹದ ಬಣ್ಣ ಬೆರೆಸಿ ಹಳೆಯದೆಂದು ತೋರಿಸುವುದು, ಇಲ್ಲದ ಎಂ.ಎಫ್.ಪಿ. ಮುದ್ರೆ ಒತ್ತುವುದು, ಹೊಸದಾಗಿ ಬಳಿದ ಸುಕ್ಕುಬಣ್ಣವನ್ನು ಕಾರ್ಖಾನೆಯದೆಂದು ಮಾರುವುದು. ಅರಗಿನ ಮೇಲೆ ಅತಿನೇರಳೆ ದೀಪ ಹಿಡಿದರೆ ಅದು ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತದೆ. ಬೇರೆ ಲೇಪಗಳು ಬೇರೆ ಬಣ್ಣದಲ್ಲಿ ಹೊಳೆಯುತ್ತವೆ. ಹಾಗಾಗಿ ಬಲ್ಲವರ ಮುಂದೆ ಈ ಸುಳ್ಳು ಬಹಳ ದಿನ ನಿಲ್ಲದು. ಆದರೆ ಸಿಕ್ಕಿಬೀಳುತ್ತದೆ ಎಂಬುದಷ್ಟೇ ಅದನ್ನು ಬಿಡಲು ಕಾರಣವಾಗಬಾರದು. ಜಾತ್ರೆಯಲ್ಲಿ ದ್ಯಾಮವ್ವನಿಗೆ ಹೊಸ ಬಣ್ಣ ಬಂದಿದೆ ಎಂಬುದನ್ನು ಊರು ಮುಚ್ಚಿಡುವುದಿಲ್ಲ, ಡಂಗುರ ಸಾರುತ್ತದೆ. ಬಹಿರಂಗವಾಗಿ ಮಾಡಿದ ಹೊಸತನ ಹಳೆಯದಕ್ಕೆ ಅವಮಾನವಾಗದು. ಕದ್ದು ಮಾಡಿದ್ದು ಮಾತ್ರ ಹಿಂದಿನವನ ಕೆಲಸವನ್ನೂ ನಂಬದಂತೆ ಮಾಡುತ್ತದೆ.

ಮನೆಯಲ್ಲಿ ಇಂಥ ರೇಡಿಯೋ ಇದ್ದವರಲ್ಲಿ ನನ್ನ ಕೋರಿಕೆ ಇದು. ಪಿ.ಯು. ಹಚ್ಚಿಸಬೇಡಿ. ಊರಿನಲ್ಲಿ ಅರಗಿನ ಪಾಲಿಶ್ ಬಲ್ಲ ಹಿರಿಯ ಬಡಿಗೇರರು ಇನ್ನೂ ಇದ್ದರೆ ಅವರ ಹತ್ತಿರ ಹೋಗಿ, ಒಬ್ಬ ಹುಡುಗನನ್ನೂ ಜತೆಗೆ ಕರೆದೊಯ್ದು ಕೆಲಸ ತೋರಿಸಿ. ಬೂದುಬಣ್ಣದ ಪುಡಿ ಉದುರುವ ಚಾಸಿಯನ್ನೂ ಹಳದಿ ವಾರ್ನಿಶ್ ಇರುವ ಸೇನಾ ಯಂತ್ರವನ್ನೂ ಒಣದಾಗಿ ಕೆರೆಯಬೇಡಿ, ಕೈಗವಸು ಇಲ್ಲದೆ ಮುಟ್ಟಬೇಡಿ. ಮುದ್ರೆ, ಚೀಟಿ, ಪೆನ್ಸಿಲ್ ಗುರುತುಗಳನ್ನು ಮುಟ್ಟದೆ ಬಿಡಿ. ಕೆಲಸ ಮುಗಿದ ಮೇಲೆ ಏನು ತೆಗೆದಿರಿ, ಏನು ಹಚ್ಚಿದಿರಿ, ಯಾರು ಹಚ್ಚಿದರು, ಯಾವ ತಾರೀಖು ಎಂಬುದನ್ನು ಕನ್ನಡದಲ್ಲಿ ಒಂದು ಕಾಗದದ ಮೇಲೆ ಬರೆದು ಹಿಂಬದಿಯ ಹಲಗೆಯ ಒಳಮೈಗೆ ಅಂಟಿಸಿ.